ಅಳತೆ

ಹೆಸರಿಗಿಂತ ಮುಂಚೆ ಅಳತೆ ಬಂತು.
ಸುಡಾನಿನ ಗಡಿಯ ಶಿಬಿರದಿಂದ ಒಂದು ಹಾಳೆ:
ಹುಡುಗ, ಐದು ವರ್ಷ,
ಅಂಗಾಲು ಹದಿನೇಳು ಸೆಂಟಿಮೀಟರು.
ಯಾರೋ ಪೆನ್ಸಿಲಿನಲ್ಲಿ ಪಾದದ ಸುತ್ತ ಗೆರೆ ಎಳೆದಿದ್ದರು,
ಕಿರುಬೆರಳ ಹತ್ತಿರ ಗೆರೆ ನಡುಗಿತ್ತು.
ಕಚಗುಳಿಯಾಗಿರಬೇಕು.

ನಾವು ಐದು ಜನ, ಐದು ಸಹಿ.
ಚರ್ಚಿನ ನೆಲಮಾಳಿಗೆ, ಸೀದ ಕಾಫಿ,
ಹೊರಗೆ ಮೂಗಿನ ಕೂದಲನ್ನೂ ಬಿಡದ ಮ್ಯಾನಿಟೋಬಾ ಚಳಿ.
ವರ್ಷದ ಬಾಡಿಗೆ, ದಿನಸಿ, ಬಸ್ ಪಾಸು,
ಮೆನ್ನೊ ಲೆಕ್ಕ ಬರೆದ.
ಅವನ ಅಜ್ಜಿ ಹೊಲಿಗೆಯಂತ್ರ ಹೊತ್ತು
ಯುಕ್ರೇನಿನಿಂದ ಓಡಿಬಂದವಳು;
ಪ್ರತಿ ಸಭೆಯಲ್ಲೂ ಅದನ್ನು ಹೇಳುತ್ತಾನೆ,
ಪ್ರತಿ ಸಲವೂ ನಾವು ಹೌದೇ ಎನ್ನುತ್ತೇವೆ.
ರಾತ್ರಿಪಾಳಿ ಮುಗಿಸಿ ಬಂದ ಲಿಗಾಯಾ
ಅಕ್ಕಿ ಎಷ್ಟು ಮೂಟೆ ಎಂದಳು.
ಅಕ್ಕಿಯಲ್ಲ, ಅವರ ರೊಟ್ಟಿಗೆ ಟೆಫ್ ಬೇಕು ಅಂದೆ.
ಟೆಫ್ ಬೆಲೆ ಕೇಳಿ
ಮೆನ್ನೊ ಕನ್ನಡಕ ತೆಗೆದು ಒರೆಸಿಕೊಂಡ.
ಪರದೆಯ ಬಣ್ಣಕ್ಕೆ ಜಗಳವಾಗಿ
ಆಗ್ನೆಟಾ ನನ್ನ ಜೊತೆ ಮಾತು ಬಿಟ್ಟಳು, ಹನ್ನೆರಡು ದಿನ.

ಬೂಟು ನನ್ನ ಪಾಲಿಗೆ ಬಂತು.
ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಮೆಟ್ಟಿಲು ಹತ್ತುವ ಪಾದ ನೋಡಿಯೇ
ಯಾರ ಮನೆ ಕೂಸು ಅಂತ ಹೇಳಬಲ್ಲೆ.
ಹನ್ನೊಂದನೇ ನಂಬರು, ನೀಲಿ, ಒಳಗೆ ಉಣ್ಣೆ.
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ,
ಇಲ್ಲಿ ಕೂಸು ಹುಟ್ಟಿಯಾಗಿದೆ,
ಕುಲಾವಿಯಿರುವ ಊರಿಗೆ ಬರಲು
ಒಂದು ಮುದ್ರೆ ಬೇಕು, ಅಷ್ಟೆ.

ಮುದ್ರೆ ಬರಲಿಲ್ಲ.
ವೈದ್ಯರ ಚೀಟಿಯ ಅವಧಿ ತೀರಿತು, ಮತ್ತೆ ಪರೀಕ್ಷೆ.
ರಸ್ತೆ ಮುಚ್ಚಿತು. ಕಡತ ಇನ್ನೊಂದು ಮೇಜಿಗೆ ಹೋಯಿತು.
ಹಿಮ ಕರಗಿತು, ಸೊಳ್ಳೆ ಬಂತು,
ಕನೋಲಾ ಹಳದಿಯಾಗಿ, ಕಂದಾಗಿ, ಕಟಾವಾಯಿತು.
ಬೇಕರಿಯ ಮೇಲಿನ ಖಾಲಿ ಮನೆಯಲ್ಲಿ
ನಲ್ಲಿ ಹೆಪ್ಪುಗಟ್ಟದಿರಲೆಂದು
ಆಗ್ನೆಟಾ ದಿನಾ ಸಂಜೆ ನೀರು ಬಿಟ್ಟು,
ಸ್ವಲ್ಪ ಹೊತ್ತು ಕೇಳಿಸಿಕೊಂಡು ಬರುತ್ತಾಳೆ.
ನಾನು ರಸೀದಿ ಹಿಡಿದು ಅಂಗಡಿಗೆ ಹೋದೆ:
ಹನ್ನೆರಡು ಕೊಡಿ, ಮಕ್ಕಳ ಕಾಲು ಕಾಯುತ್ತದೆಯೇ?
ಮತ್ತೊಂದು ಹಿಮ. ಹದಿಮೂರು.
ಹದಿಮೂರು ದಾಟಿದರೆ ಬೂಟಿನ ಎಣಿಕೆ
ಮತ್ತೆ ಒಂದರಿಂದ ಶುರು.
ಒಂದು ಕೊಂಡೆ.

ಫೆಬ್ರವರಿ, ಗುರುವಾರ, ರಾತ್ರಿ ಹನ್ನೊಂದೂವರೆ, ವಿನಿಪೆಗ್.
ಚಲಿಸುವ ಮೆಟ್ಟಿಲ ತುದಿಯಲ್ಲಿ ಲೆತೆಬ್ರಹಾನ್,
ಕಾಗದದ ಬಿಳಿ ಚೀಲ ಎದೆಗವಚಿಕೊಂಡು;
ಹಿಂದೆ ಲುವಾಮ್; ಅವಳ ಹಿಂದೆ ಫಿಲ್ಮೊನ್,
ಚಪ್ಪಲಿಯೊಳಗೆ ಎರಡೆರಡು ಕಾಲುಚೀಲ.
ಎರಡು ವರ್ಷ ಬಾಯಿಪಾಠ ಮಾಡಿದ ತಿಗ್ರಿನ್ಯಾ ಸ್ವಾಗತ
ನನ್ನ ಹಲ್ಲಿಗೆ ಸಿಕ್ಕಿಕೊಂಡಿತು.
ಮೊಣಕಾಲೂರಿ ಬೂಟು ತೊಡಿಸಿದೆ.

ಪಾದ ಒಳಗೆ ಹೋಯಿತು,
ಬಾವಿಗೆ ಬಿದ್ದ ಕೊಡದ ಹಾಗೆ.
ಹೆಬ್ಬೆರಳಿಂದ ಮುಂಭಾಗ ಒತ್ತಿದೆ. ಟೊಳ್ಳು.
ಏಳು ವರ್ಷದ ಹುಡುಗ,
ಪೆನ್ಸಿಲ್ ಗೆರೆಯಿಂದ ಎಲ್ಲೋ ಅರ್ಧ ಬೆರಳು ಆಚೆ.
ನನ್ನ ಅಡುಗೆಮನೆಯ ಹಾಲು ಬೆಣ್ಣೆಯ ಲೆಕ್ಕದಲ್ಲಿ
ನಾನು ಅವನನ್ನು ಬೆಳೆಸಿಕೊಂಡು ಬಂದಿದ್ದೆ.
ಶಿಬಿರದ ಪಡಿ ಬೇರೆ ಲೆಕ್ಕ ಹಾಕಿತ್ತು.
ನಾನು ವಾಪಸು ಕೊಟ್ಟ ಹನ್ನೊಂದು
ಈಗ ಯಾರ ಕಾಲಲ್ಲಿದೆಯೋ.

ಲೆತೆಬ್ರಹಾನ್ ಏನೂ ಅನ್ನಲಿಲ್ಲ.
ಬೆಂಚಿನ ಮೇಲಿದ್ದ ಪತ್ರಿಕೆ ಎತ್ತಿ, ಎರಡು ಹಾಳೆ ಹರಿದು,
ಮುದ್ದೆ ಕಟ್ಟಿ ಬೂಟಿನ ತುದಿಗೆ ತುರುಕಿದಳು.
ಹಾಕಿ ಪಂದ್ಯದ ಅಂಕಪಟ್ಟಿ ಒಳಗೆ ಹೋಯಿತು.
ಎಷ್ಟು ಸಲ ಮಾಡಿದ ಕೆಲಸವೋ,
ಕೈ ನೋಡಿಕೊಳ್ಳಲೂ ಇಲ್ಲ.

ಮೆನ್ನೊ ವ್ಯಾನು ತರಲು ಓಡಿದ.
ಅವತ್ತು ಹೊಲಿಗೆಯಂತ್ರದ ಮಾತೆತ್ತಲಿಲ್ಲ.

ಫಿಲ್ಮೊನ್ ಗಾಜಿನ ಬಾಗಿಲ ಬಳಿ ಹೋದ. ಅದು ತೆರೆಯಿತು.
ಹಿಂದೆ ಸರಿದ. ಮುಚ್ಚಿತು.
ಮುಂದೆ, ಹಿಂದೆ, ಮತ್ತೆ ಮುಂದೆ.
ಹೆಜ್ಜೆ ಇಟ್ಟಾಗಲೆಲ್ಲ
ಬೂಟಿನೊಳಗೆ ಕಾಗದ ಸರಬರ.